ಹನ್ನೊಂದು ಸಲ ಕಂಡ ಚಿನ್ನದ ಗೋಪುರ

ಎಪ್ಪತ್ತೇಳನೇ ಇಸವಿಯಲ್ಲಿ ಹೊಳಲ್ಕೆರೆಯಿಂದ ಥಾಯ್ಲೆಂಡಿಗೆ ಹೋಗಿಬಂದ ಹೆಂಗಸು, ನನಗೆ ತಿಳಿದಂತೆ, ನಾನೊಬ್ಬಳೇ. ಮಗಳು ಶಾರದೆಯ ಬಾಣಂತನಕ್ಕೆ ಹೋಗಿದ್ದೆ. ಅಳಿಯ ಅಲ್ಲಿನ ಬೆಟ್ಟದ ಊರಾದ ಚಿಯಾಂಗ್ ಮಾಯ್‌ನಲ್ಲಿ ಕಾಲೇಜು ಮೇಷ್ಟ್ರು. ಹೊರಡುವ ಹಿಂದಿನ ದಿನ ಮಹಿಳಾ ಸಮಾಜದವರು ಕುಂಕುಮ ಕೊಟ್ಟು, "ಬಂದ್ಮೇಲೆ ಆ ಊರಾಗೆ ನೋಡಾ ಜಾಗ ಯಾವ್ಯಾವು ಅಂತ ಭಾಷಣ ಮಾಡ್ಬೇಕು ನೋಡ್ರಿ ಗಿರಿಜಮ್ಮಾರೆ" ಎಂದರು.

"ಅದೇನ್ ಮಹಾ!" ಎಂದೆ.

ನಮ್ಮ ಯಜಮಾನರು ಲೈಬ್ರರಿಯ ಪುಸ್ತಕ ತಿರುವಿ ಪಟ್ಟಿಯನ್ನೇ ಬರೆದುಕೊಟ್ಟರು. ಬೆಟ್ಟದ ತುದಿಯ ಚಿನ್ನದ ಗೋಪುರ, ಕಾಗದದ ಕೊಡೆ ಮಾಡುವ ಹಳ್ಳಿ, ಮರದ ದಿಮ್ಮಿ ಎಳೆಯುವ ಆನೆಗಳು, ಊರ ಸುತ್ತಿನ ಹಳೇ ಕಂದಕ.

"ಕಂದಕ ಬಿಟ್ರೂ ನಡೀತೈತೆ, ನಮ್ಮ ದುರ್ಗದಾಗೇ ಐತೆ. ಗೋಪುರ ಮಾತ್ರ ಬಿಡಬ್ಯಾಡ. ಮುನ್ನೂರು ಚಿಲ್ಲರೆ ಮೆಟ್ಲಂತೆ, ಹತ್ತೀಯೇನೇ?"

"ದುರ್ಗದ ಕೋಟೆ ಹತ್ತಿದೋಳು ನಾನು! ಮುನ್ನೂರು ಮೆಟ್ಲು ಯಾವ ಲೆಕ್ಕ?"

ಹೋದೆ. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು. ಅಳಿಯ ವಾರಕ್ಕೊಮ್ಮೆ, "ಇವತ್ತು ಗೋಪುರ ನೋಡಿ ಬರೋಣ ಬರ್ರಿ ಅತ್ತೆ" ಎನ್ನುವರು. "ಬಾಣಂತಿ ಬಿಟ್ಟು ಊರು ಸುತ್ತೋದೇ?" ಎಂದು ನಾನು ಗದರುವೆ. ಹೀಗೆ ಮೂರು ತಿಂಗಳಲ್ಲಿ ನಾನು ಸಂದರ್ಶಿಸಿದ ಪ್ರೇಕ್ಷಣೀಯ ಸ್ಥಳಗಳು ಎರಡೇ: ಒಂದು ಅಡುಗೆಮನೆ, ಇನ್ನೊಂದು ಬಟ್ಟೆ ಒಣಗಿಸುವ ತಂತಿ!

ಕೊನೆಗೆ ಉಳಿದದ್ದು ಒಂದೇ ಒಂದು ದಿನ. ಅಳಿಯ ಕಾರನ್ನೂ ಗೊತ್ತುಮಾಡಿದರು. ಬೆಳಿಗ್ಗೆ ಗೋಪುರ, ಮಧ್ಯಾಹ್ನ ಕೊಡೆ, ಸಂಜೆ ಆನೆ. ಮರುದಿನವೇ ವಿಮಾನ ಹತ್ತುವ ಊರಿಗೆ ರೈಲು.

ಆ ಒಂದು ದಿನದ ಹಿಂದಿನ ದಿನ ಅವರ ಹೊಸವರ್ಷದ ಹಬ್ಬ. ಎದುರುಮನೆಯ ಅಜ್ಜಿ ಬಂದು, ನಗುತ್ತ ನನ್ನ ಕೈಹಿಡಿದು ತಮ್ಮ ಮನೆಗೆ ಕರೆದೊಯ್ದರು. ಮಗಳು ಮಗುವಿಗೆ ಹಾಲು ಕುಡಿಸುತ್ತ, "ನೀನು ನಡೀ, ಬರ್ತೀನಿ" ಎಂದಳು. ಅಲ್ಲಿ ಹಿರಿಯರನ್ನೆಲ್ಲ ಸಾಲಾಗಿ ಕೂರಿಸಿದ್ದರು. ಅಜ್ಜಿಯ ಪಕ್ಕದಲ್ಲೇ ನನಗೂ ಕುರ್ಚಿ.

ಕಿರಿಯರು ಒಬ್ಬೊಬ್ಬರಾಗಿ ಬಂದು ಮಂಡಿಯೂರಿದರು. ಕೈಯಲ್ಲಿ ಬೆಳ್ಳಿ ಬಟ್ಟಲು. ಒಳಗೆ ನಸುಹಳದಿ ನೀರು, ಮೇಲೆ ಮಲ್ಲಿಗೆ, ಘಮಘಮ. ಮೊದಲ ಹುಡುಗಿ ನನ್ನ ಅಂಗೈಗೆ ಒಂದಿಷ್ಟು ಹಾಕಿದಳು. ಆಹಾ, ತೀರ್ಥ! ಎಷ್ಟು ದೂರ ಬಂದರೂ ದೇವರು ಒಬ್ಬನೇ! ಭಕ್ತಿಯಿಂದ ಕಣ್ಮುಚ್ಚಿ ಕುಡಿದೆ. ಉಳಿದ ಹನಿಯನ್ನು ತಲೆಗೆ ಸವರಿಕೊಂಡೆ.

ಹುಡುಗಿ ಬಾಯಿ ತೆರೆದು ನೋಡಿದಳು. ನನ್ನ ಭಕ್ತಿ ಕಂಡು ಬೆರಗಾದಳೆಂದುಕೊಂಡೆ.

ಎರಡನೆಯವನು ಬಂದ. ಕುಡಿದೆ. ಮೂರನೆಯವಳು ಬಂದಳು. ಕುಡಿದೆ. ಪಕ್ಕದ ಅಜ್ಜಿ ಮಾತ್ರ ತೀರ್ಥವನ್ನು ಬೆರಳ ಸಂದಿಯಿಂದ ಕೆಳಗಿನ ಬೋಗುಣಿಗೆ ಸೋರಬಿಡುತ್ತಿದ್ದರು. ವಯಸ್ಸಾಗಿದೆ, ಪಾಪ, ಕೈ ನಡುಗುತ್ತದೆ ಎಂದು ಮರುಗಿ, ಅಂಗೈ ಹೇಗೆ ಗುಳಿ ಮಾಡಬೇಕೆಂದು ಹಿಡಿದು ತೋರಿಸಿಕೊಟ್ಟೆ!

ಅಷ್ಟರಲ್ಲಿ ಬೀದಿಯ ಮಕ್ಕಳೆಲ್ಲ ನೆರೆದರು. ನನ್ನ ಮುಂದೆಯೇ ಉದ್ದನೆಯ ಸಾಲು! ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಎಲ್ಲರದ್ದೂ ಕುಡಿದೆ.

ಹದಿನಾಲ್ಕನೆಯ ಬಟ್ಟಲಿಗೆ ಶಾರದೆ ಓಡಿಬಂದಳು. "ಅಯ್ಯೋ ಅಮ್ಮಾ, ಕುಡೀಬ್ಯಾಡ! ಅದು ತೀರ್ಥ ಅಲ್ಲ! ದೊಡ್ಡೋರ ಕೈಮೇಲೆ ನೀರು ಹಾಕಿ ಆಶೀರ್ವಾದ ಕೇಳಾದು ಕಣೆ! ಅತ್ತರು ಹಾಕವ್ರೆ ಅದಕ್ಕೆ!"

"ಮೊದ್ಲೇ ಹೇಳಬಾರ್ದೇನೇ?"

"ನೀನು ಕುಡೀತೀಯ ಅಂತ ಯಾರಿಗ್ ಗೊತ್ತಿತ್ತು!"

ನನ್ನ ಹೊಟ್ಟೆಗೆ ಮಾತ್ರ ತಕ್ಷಣ ಗೊತ್ತಾಯಿತು. ಗೋಪುರದ ದಿನ ಕಾರು ಬಂದು, ಹಾರನ್ ಹೊಡೆದು, ಹೊರಟುಹೋಯಿತು. ನನಗೆ ಬಾಗಿಲಿಗೂ ಬರಲಾಗಲಿಲ್ಲ. ಎದುರುಮನೆಯ ಅಜ್ಜಿ ಗಂಜಿ ತಂದು, ನನ್ನ ತಲೆ ಸವರಿ, ಸಂಜೆಯವರೆಗೂ ಕೂತಿದ್ದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಊರಿಗೆ ಬಂದೆ. ಮಹಿಳಾ ಸಮಾಜದಲ್ಲಿ ಮೈಕು, ಹಾರ.

ಮೊದಲ ಸಾಲಿನಿಂದ ಪಕ್ಕದ ಮನೆಯ ಪುಟ್ಟಮ್ಮ ಕೇಳಿಯೇಬಿಟ್ಟರು: "ಚಿನ್ನದ ಗೋಪುರ ನೋಡಿದ್ರೇನ್ರಿ?"

"ನೋಡ್ದೆ."

"ಒಂದ್ಸಲ ನೋಡಿದ್ರಾ, ಎರಡು ಸಲಾನಾ?"

"ಹನ್ನೊಂದು ಸಲ."

ಚಪ್ಪಾಳೆಯೋ ಚಪ್ಪಾಳೆ! ಹಿಂದೆ ಕುಳಿತಿದ್ದ ಯಜಮಾನರು ಎದ್ದುನಿಂತರು. "ಎಲ್ಲಿಂದ ನೋಡ್ದೆ ಅಂತಾನೂ ಹೇಳೇ!"

"ಬಚ್ಚಲ ಕಿಟಕಿಯಿಂದ" ಎಂದೆ. "ಆ ಒಂದಿನ ಹೋದಾಗೆಲ್ಲ ಕಾಣ್ತಿತ್ತು."

ಆಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಅಷ್ಟು ಹೊತ್ತು ನಕ್ಕ ಸಭೆಯನ್ನು ನಾನು ಮತ್ತೆ ಕಂಡಿಲ್ಲ.

ಈಗ ಶಾರದೆಯ ಪತ್ರ ಬಂದಿದೆ. ಬೀದಿಯ ಮಕ್ಕಳು "ನೀರು ಕುಡಿಯುವ ಅಜ್ಜಿ ಯಾವಾಗ ಬರ್ತಾರೆ" ಎಂದು ಕೇಳುತ್ತಾರಂತೆ. ಮುಂದಿನ ಹಬ್ಬಕ್ಕೆ ಬಾ, ಮೊದಲು ಗೋಪುರ, ಆಮೇಲೆ ಹಬ್ಬ ಎಂದು ಬರೆದಿದ್ದಾಳೆ. ನಾನೂ ಈ ಸಲ ಎಡವಟ್ಟಾಗಬಾರದೆಂದು ದಿನವೂ ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದೇನೆ: ಕುಡಿಯಬಾರದು, ಸೋರಬಿಡಬೇಕು, ಹರಸಬೇಕು.

ಅಭ್ಯಾಸ ಚೆನ್ನಾಗಿಯೇ ಆಗಿದೆ. ನಿನ್ನೆ ನಮ್ಮೂರ ಗಣಪತಿ ಗುಡಿಯಲ್ಲಿ ಅರ್ಚಕರು ಅಂಗೈಗೆ ತೀರ್ಥ ಹಾಕಿದರು. ನಾನು ಅದನ್ನು ನಿಧಾನವಾಗಿ ನೆಲಕ್ಕೆ ಸೋರಬಿಟ್ಟು, ಅರ್ಚಕರ ತಲೆಯ ಮೇಲೆ ಒದ್ದೆ ಕೈಯಿಟ್ಟು ಹೇಳಿದೆ: "ನೂರ್ಕಾಲ ಬಾಳಪ್ಪ!"