ಬೆರಳಿನ ಸುಳ್ಳು ಸಾಕ್ಷಿ

ಮನುಷ್ಯನಾದವನು ವಿಜ್ಞಾನಕ್ಕಾಗಿ ರಕ್ತ ಸುರಿಸಲು ಹಿಂಜರಿಯಬಾರದು ಎಂಬುದು ನನ್ನ ದೃಢ ನಂಬಿಕೆ. ನಾನು ದಿನಕ್ಕೆ ಎರಡು ಹನಿ ಸುರಿಸುತ್ತೇನೆ. ಎರಡನೆಯದಕ್ಕೆ ಕಣ್ಣು ಮುಚ್ಚಿಕೊಳ್ಳುತ್ತೇನೆ.

ಸಕ್ಕರೆ ಕಾಯಿಲೆ ನನಗೆ ಹದಿನಾಲ್ಕು ವರ್ಷದ ಒಡನಾಡಿ. ನಮ್ಮ ಕಡೆಯ ಊಟಕ್ಕೆ ತಕ್ಕ ಔಷಧದ ಅಳತೆ ಯಾವುದೆಂದು ಶಿರಸಿಯ ಡಾಕ್ಟರೊಬ್ಬರು ಅಧ್ಯಯನ ನಡೆಸುತ್ತಿದ್ದಾರೆ. ತಿಂದದ್ದನ್ನೂ ರಕ್ತದ ಸಕ್ಕರೆ ಅಳೆಯುವ ಮೀಟರಿನ ಅಂಕಿಯನ್ನೂ ಇದ್ದದ್ದು ಇದ್ದಂತೆ ಬರೆದುಕೊಡುವವರು ಬೇಕೆಂದಾಗ ಮೊದಲು ಕೈ ಎತ್ತಿದವನು ನಾನೇ. ನಾನು ನುಂಗುವ ಗುಳಿಗೆಯ ಅಳತೆ ಗೊತ್ತಾದದ್ದೂ ಹಿಂದೆ ಯಾರೋ ಹೀಗೆ ಬೆರಳು ಕೊಟ್ಟದ್ದರಿಂದ ತಾನೆ? ಆ ಪುಣ್ಯಾತ್ಮರ ಹೆಸರೂ ನನಗೆ ತಿಳಿಯದು.

ಕಳೆದ ತಿಂಗಳು ಯಲ್ಲಾಪುರದ ಭಾವ ಬಂದಿದ್ದರು. ಅವರು ದೋಸೆಯನ್ನು ಪಾಕದಂಥ ಜೋನಿಬೆಲ್ಲದಲ್ಲಿ ಮುಳುಗಿಸಿ ತಿಂದರು. ನಾನು ಚಟ್ನಿ ಹಚ್ಚಿ ಎರಡು ತಿಂದು ಋಷಿಯಂತೆ ಎದ್ದೆ. ಹೊರಟ ನೆಂಟರ ಕೈಗೆ ಒಂದು ಬಾಟಲಿ ಜೋನಿಬೆಲ್ಲ ಕೊಡದಿದ್ದರೆ ನಮ್ಮಲ್ಲಿ ಮನೆಯ ಮರ್ಯಾದೆ ಉಳಿಯುವುದಿಲ್ಲ. ಬಾಟಲಿ ತುಂಬಿಸಿದೆ, ಬೆರಳನ್ನು ಪಂಚೆಗೆ ಒರೆಸಿದೆ, ಭಾವನನ್ನು ಬಸ್ಸು ಹತ್ತಿಸಿ ಬಂದು, ತಿಂಡಿಯಾಗಿ ಎರಡು ಗಂಟೆಗೆ ಸರಿಯಾಗಿ ಚುಚ್ಚಿಕೊಂಡೆ. ಮೀಟರು ನಾನೂರ ಹನ್ನೆರಡು ಎಂದಿತು.

ಅಧ್ಯಯನದ ನರ್ಸು ಶೈಲಾಗೆ ಫೋನು ಮಾಡಿದೆ. ದಾಸನಕೊಪ್ಪದವಳು, ಮುಲಾಜಿಲ್ಲ.

“ಮಾಸ್ತರ್ರ, ಖರೇ ಹೇಳ್ರಿ, ಏನ್ ತಿಂದೀರಿ?”

“ಎರಡು ದೋಸೆ, ಚಟ್ನಿ. ದೇವರಾಣೆ.”

“ಹಂಗಾದ್ರ ಗುಳಿಗಿ ಸಾಲಂಗಿಲ್ಲ. ಡಾಕ್ಟರ್ ಇನ್ಸುಲಿನ್ ಶುರು ಮಾಡ್ತಾರೇನೋ.”

ಸೂಜಿಯ ಭಯ ಒಂದು ಕಡೆ. ನಾಲ್ಕು ತಿಂಗಳಿಂದ ಸತ್ಯವನ್ನೇ ಬರೆದ ನನ್ನ ಪುಸ್ತಕವನ್ನು ಇನ್ನು ಯಾರು ನಂಬುತ್ತಾರೆ ಎಂಬುದು ಇನ್ನೊಂದು ಕಡೆ. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿಯ ದನಿ:

“ಹೋಯ್, ಬಾಟ್ಲಿ ತುಂಬಿದ ಕೈ ತೊಳದ್ರ?”

ಫೋನಿನಲ್ಲಿ ಅದು ಶೈಲಾಗೂ ಕೇಳಿಸಿತು. “ಸಾಬಾಣ ಹಚ್ಚಿ ತೊಳದು, ಇನ್ನೊಂದ್ ಬೆರಳ ಚುಚ್ಚರಿ,” ಎಂದಳು ಶೈಲಾ. ತೊಳೆದು ಚುಚ್ಚಿದೆ. ನೂರ ಅರವತ್ತೆಂಟು.

ಶೈಲಾ ಮನಸಾರೆ ನಕ್ಕಳು. “ಬೆಲ್ಲದ ಬೆರಳ ಪರೀಕ್ಷಾ ಮಾಡೀರಲ್ರಿ! ಆದ್ರ ಆ ಅಂಕಿ ಹೊಡದ್ ಹಾಕಬ್ಯಾಡ್ರಿ. ಉಳದವ್ರ ಪುಸ್ತಕದಾಗೂ ಹಿಂಗ ಆಗಿರಬೌದು, ನೋಡಬೇಕು.”

ಎದೆ ತುಂಬಿ, ಹೆಂಡತಿಗೆ ಕೃತಜ್ಞತೆ ಹೇಳೋಣವೆಂದು ಒಳಗೆ ಹೋದೆ.

“ಪಂಚೆಗೆ ಒರೆಸದಕ್ಕಿಂತ ಮುಂಚೆ ಬೆರಳು ನೆಕ್ಕಿದ್ದೂ ಬರೀರಿ,” ಎಂದಳು. “ಆನು ನೋಡಿದ್ದಿ.”

ಬರೆದೆ.

ಮೂವತ್ತು ವರ್ಷ ಪ್ರಾರ್ಥನೆಗೆ ಮುಂಚೆ ಮಕ್ಕಳ ಅಂಗೈ ತಿರುಗಿಸಿ ನೋಡಿ, ಕೊಳೆಯಿದ್ದವರನ್ನು ನಲ್ಲಿಗೆ ಅಟ್ಟಿದ ಮಾಸ್ತರ ನಾನು. ಅಧ್ಯಯನದ ಹೊಸ ಪುಸ್ತಕಗಳು ನಿನ್ನೆ ಬಂದವು. ಮೊದಲ ಪುಟದ ಮೊದಲ ಸಾಲು: ಚುಚ್ಚುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ.