ಸೋಬಾನೆ ತಟ್ಟೆಯಲ್ಲಿ ಬಳೆಯ ಸದ್ದು

ಹಾಸನ ಸೀಮೆಯ ಸಮಸ್ತ ಕಿವಿಗಳ ಒಡೆಯರೂ, ಸೂಜಿಮೊನೆಯಲ್ಲಿ ನ್ಯಾಯ ತೂಗುವವರೂ, ಸ್ಪೀಕರಿಗೆ ಬೆಳ್ಳಿಯ ವೈರಿಲ್ಲದೆ ಸುಪ್ರಭಾತವನ್ನೂ ಕೇಳದವರೂ ಆದ ರೆಕಾರ್ಡು ವಿಮರ್ಶಕ ಶ್ರೀ ಕೀರ್ತಿರಾಜ್ ಅವರ ದಿವ್ಯ ಕರ್ಣಗಳಿಗೆ, ಹಳೇಕೋಟೆಯ ಮನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ನಮ್ಮ ಅಜ್ಜಿ ಸುಬ್ಬಮ್ಮನವರು ಹರೆಯದಲ್ಲಿ ಊರ ಹೆಂಗಸರೊಡನೆ ಹಾಡಿದ ಸೋಬಾನೆ ಪದಗಳ ಗ್ರಾಮಫೋನ್ ತಟ್ಟೆ ಈಗ ಮತ್ತೆ ಹೊಸದಾಗಿ ಅಚ್ಚಾಗಿರುವುದನ್ನೂ, ತಾವು ಅದನ್ನು ತಮ್ಮ ಅಂಕಣದಲ್ಲಿ ವಿಮರ್ಶಿಸಿರುವುದನ್ನೂ ಕಂಡು ಧನ್ಯರಾದೆವು. ಹಳೆಯ ತಟ್ಟೆಯಲ್ಲಿದ್ದ "ಉಷ್ಣತೆ" ಹೊಸದರಲ್ಲಿ ಆರಿಹೋಗಿದೆ ಎಂದಿದ್ದೀರಿ. ಒಪ್ಪಿದೆವು, ಸಾರಿನ ಬಗ್ಗೆ ನಾವೂ ಹಾಗೇ ಅನ್ನುವುದುಂಟು. ಕೆಳಗಿನ ಸ್ವರಗಳು "ಮಾಗಿದ ಮರದಂತಿಲ್ಲ" ಎಂದಿರಿ. ಅದನ್ನೂ ಒಪ್ಪಿದೆವು, ಅರ್ಥವಾಗದ್ದರಿಂದ. ಆದರೆ ಕೊನೆಯಲ್ಲಿ, ಹಾಡಿನುದ್ದಕ್ಕೂ ಗಾಜಿನ ಕಿರಿಕಿರಿ ಕೇಳುತ್ತದೆ, ಧ್ವನಿ ಮುದ್ರಿಸುವ ಮುನ್ನ ಹಾಡುವವರ ಬಳೆ ಬಿಚ್ಚಿಸಬೇಕಿತ್ತು ಎಂದು ಅಪ್ಪಣೆ ಕೊಡಿಸಿದ್ದೀರಲ್ಲ, ಅಲ್ಲಿಂದೀಚೆಗೆ ನಮ್ಮ ಮನೆಯಲ್ಲಿ ಉಷ್ಣತೆಗೆ ಕೊರತೆಯಿಲ್ಲ.

ಮದುಮಗಳಿಗೆ ಬಳೆ ತೊಡಿಸುವಾಗ ಹೇಳುವ ಪದ ಅದು, ಸ್ವಾಮಿ. "ಮದ್ವೆ ಪದ ಏಳೋರ್ಗೆ ಬಳೆ ಬಿಚ್ಚು ಅಂತಾನಲ್ಲ, ಅವ್ನ ನಾಲ್ಗೆ ಸೇದೋಗ! ನನ್ ಬಳೆ ಸದ್ದೇ ಕಿರಿಕಿರಿ ಆದ್ಮೇಲೆ ನನ್ ಪದ ಯಾಕ್ಲಾ ಬೇಕು? ಆ ಪಿಲೇಟೇ ಆಕ್ಕೊಳ್ಳಿ ಓಗಿ" ಎಂದು ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಾರೆ. ಬರುವ ವಾರ ನಮ್ಮ ಅಕ್ಕ ದೀಪಶ್ರೀಯ ಮದುವೆ. ಅಜ್ಜಿಯ ಪದವಿಲ್ಲದೆ ಬಳೆ ತೊಡುವುದಿಲ್ಲವೆಂದು ಅವಳದೂ ಹಟ. ಯಾವತ್ತು ಬರಲಿ ಎಂದು ಬಳೆಗಾರರು ಫೋನ್ ಮಾಡಿ ಮಾಡಿ ಸುಸ್ತಾಗಿದ್ದಾರೆ.

ಆದಕಾರಣ ತಾವು ದಯಮಾಡಿ ಅಜ್ಜಿಯ ಹರೆಯದ ಕಾಲಕ್ಕೆ ಹಿಂದಿರುಗಿ, ಹಾಡುತ್ತಿರುವ ಹೆಂಗಸರ ಮುಂದೆ ಖುದ್ದಾಗಿ ನಿಂತು, ಬಳೆ ಬಿಚ್ಚಿರೆಂದು ಹೇಳಿ, ಸಾಧ್ಯವಾದರೆ ಜೀವಸಹಿತ ಮರಳಬೇಕು. ಅದು ಕಷ್ಟವಾದರೆ ಹೊಳೆನರಸೀಪುರದ ಬಸ್ಸು ಹತ್ತಿ ಬಳೆಶಾಸ್ತ್ರಕ್ಕೆ ಬಂದು, ಅಜ್ಜಿಯ ಎದುರು ಕುಳಿತು, ಆ ಸದ್ದು ಸೊಗಸಾಗಿದೆಯೆಂದು ಒಂದು ಮಾತು ಹೇಳಬೇಕು. ವೈರು, ಸ್ಪೀಕರು ತರಬೇಡಿ. ಅಜ್ಜಿಗೆ ಕರೆಂಟು ಬೇಕಿಲ್ಲ.

ತಮ್ಮ ವಿಶ್ವಾಸಿ,
ಮನು, ಹಳೇಕೋಟೆ

ವಿ.ಸೂ.: ಊಟಕ್ಕೆ ಕುಳಿತಾಗ ಪಾಯಸದ ಕೆಳಗಿನ ಸ್ವರಗಳನ್ನು ಹುಡುಕಬಾರದೆಂದು ವಿನಂತಿ. ಇನ್ನೊಂದು ಸಣ್ಣ ವಿಷಯ: ಅಜ್ಜಿಗೆ ಓದಲು ಬಾರದು. ತಮ್ಮ ವಿಮರ್ಶೆಯನ್ನು ಗಟ್ಟಿಯಾಗಿ ಓದಿ ಕೇಳಿಸಿದವನು ನಾನೇ. ಅವರ ಬೈಗುಳ ಕೇಳುವ ಆಸೆಗೆ, ಓದುವಾಗ ಕೊಂಚ ಉಷ್ಣತೆಯನ್ನು ನಾನೂ ಬೆರೆಸಿದ್ದೆ. ಬಂದಾಗ ದಯವಿಟ್ಟು ಅದೊಂದನ್ನು ಅವರಿಗೆ ಹೇಳಬೇಡಿ.