ಮಾತು ಬಿಟ್ಟ ಮಹಾಶೂರರ ಮೊದಲ ಸಂಚಿಕೆ

ಕಲಬುರಗಿಯಲ್ಲಿ ಸೂಪರ್ ಹೀರೋಗಳ ಕಾಮಿಕ್ಸ್ ಮೊಟ್ಟಮೊದಲು ಹೊರತಂದವನು ನಾನು. ಚಿತ್ರ ಬರೆದ ಪೇಂಟರ್ ತೀರಿಕೊಂಡ, ಅಚ್ಚು ಹಾಕಿದ ಪ್ರೆಸ್ಸಿನವನೂ ತೀರಿಕೊಂಡ, ಉಳಿದ ಪ್ರತಿಗಳನ್ನು ಗೆದ್ದಲು ತಿಂದಿತು. ಸುಳ್ಳು ಅನ್ನುವವರು ಸಾಕ್ಷಿ ತರಲಿ. ನಾನು ಸಾಲಿ ಕಟ್ಟೆ ಹತ್ತಿದವನಲ್ಲ. ನಾನು ಹೇಳುತ್ತೇನೆ, ಜೇವರ್ಗಿ ಕಾಲೋನಿಯಲ್ಲಿ ಟ್ಯೂಷನ್ ನಡೆಸುವ ಮೊಮ್ಮಗಳು ಬರೆದುಕೊಳ್ಳುತ್ತಾಳೆ. ಒಳ್ಳೆಯ ಕೆಲಸಕ್ಕೆ ಕೈ ಹಾಕಿದವನ ಮರ್ಯಾದೆ ಹೋಗುವುದು ಈ ಊರಿನಲ್ಲಿ ದಿನಾ ನಡೆಯುವುದೇ. ನನ್ನದು ಒಂದೇ ಪುಸ್ತಕದಲ್ಲಿ ಮೂರು ಸಲ ಹೋಯಿತು.

ಪೇಂಟರ್

ತೊಂಬತ್ತರ ಆಸುಪಾಸು ಸೂಪರ್ ಮಾರ್ಕೆಟ್ ಅನ್ನುವ ಬಜಾರಿನಲ್ಲಿ ನನ್ನದೊಂದು ಪುಸ್ತಕದ ಡಬ್ಬಾ ಅಂಗಡಿ. ಹಾರುವವರ ಕಥೆಗೆ ಮಂದಿ ಮುಗಿಬೀಳುತ್ತಿದ್ದರು. ಹಾರುವವರೆಲ್ಲ ಪರದೇಶದವರು. ನಮ್ಮಲ್ಲೇನು ಶೂರರಿಲ್ಲವೇ? ಕಮಲಾಪುರದಲ್ಲಿ ತೋಟ ಮಾಡುವ ನಮ್ಮಣ್ಣನೂ ನಾನೂ ಚಿಕ್ಕಂದಿನಲ್ಲಿ ಒಂದೊಂದು ಗೊನೆ ಕೆಂಪು ಬಾಳೆ ತಿಂದು, ಕೆಸರಿನಲ್ಲಿ ಸಿಕ್ಕ ಬಸ್ಸನ್ನು ಮಹಾಗಾಂವದ ತನಕ ಹೊತ್ತುಕೊಂಡು ಹೋಗಿದ್ದೆವು. ಕಂಡಕ್ಟರ್ ಒಳಗೆ ಟಿಕೆಟ್ ಹರಿಯುತ್ತಲೇ ಇದ್ದ.

ಆ ಅಣ್ಣ ನನ್ನ ಜೊತೆ ಮಾತು ಬಿಟ್ಟು ಆ ಹೊತ್ತಿಗೆ ಆರು ವರ್ಷವಾಗಿತ್ತು. ತಂಗಿಯ ಮದುವೆಯ ಪಂಗತಿಯಲ್ಲಿ ನನಗೆ ಮೊದಲು ತುಪ್ಪ ಬಡಿಸಿದರೆಂದು ಎಲೆ ಬಿಟ್ಟು ಎದ್ದವನು.

ಅದನ್ನೇ ಕಥೆ ಮಾಡಿದೆ. ಅಣ್ಣ ಬಸ್ ಎತ್ತುತ್ತಾನೆ, ತಮ್ಮ ಹಾರುತ್ತಾನೆ, ಅವ್ವ ಕಣ್ಣು ಬಿಟ್ಟರೆ ಕಬ್ಬಿಣ ಕರಗುತ್ತದೆ. ಒಬ್ಬರಿಗೊಬ್ಬರು ಮಾತಿಲ್ಲ, ಮೂವರಿಗೂ ಮೂರು ಒಲೆ. ಅಣ್ಣ ಇದನ್ನು ನೋಡಿದರೆ ನಕ್ಕಾನು, ನಕ್ಕರೆ ಮಾತಾಡಿಯಾನು. ನನ್ನ ಆಸೆ ಇಷ್ಟೇ.

ಪೇಂಟರ್ ಅಲ್ಲಿಯತನಕ ಹಲ್ಲಿನ ದವಾಖಾನೆಗಳ ಬೋರ್ಡ್ ಬರೆದವನು. ಬರೆದು ತಂದ, ನೋಡಿದರೆ ಮೂವರು ಶೂರರೂ ಮೂವತ್ತೆರಡು ಹಲ್ಲು ಬಿಟ್ಟು ನಿಂತಿದ್ದಾರೆ.

"ಜಗಳ ಆಡಿದವ್ರು ಹಿಂಗ ನಗ್ತಾರೇನೋ?" ಅಂದೆ.

"ಸಿಟ್ಟಿನ ಮಾರಿ ಇಲ್ಲೀತನಕ ಯಾರೂ ಬರಸಿಲ್ರೀ ಕಾಕಾ, ನಂಗ ರೂಢಿ ಇಲ್ಲ" ಅಂದ.

ಆಡು

ಮಾತು ಬಿಟ್ಟವರು ನೇರವಾಗಿ ಮಾತಾಡಬಾರದು, ನಮ್ಮ ಕಡೆಯ ರಿವಾಜು. ಗೋಡೆಗೋ ದನಕ್ಕೋ ಹೇಳಬೇಕು, ಎದುರಿನವನು ಕೇಳಿಸಿಕೊಳ್ಳಬೇಕು. ಅದಕ್ಕೇ ಅಣ್ಣ ತಮ್ಮನ ನಡುವೆ ಒಂದು ಆಡು ನಿಲ್ಲಿಸಿದೆ. ದರೋಡೆಕೋರ ತಮ್ಮನ ಬೆನ್ನ ಹಿಂದೆ ಬಂದಾಗ ಅಣ್ಣ ಅನ್ನುತ್ತಾನೆ: "ಏ ಆಡೇ, ಹಿಂದ ಕಳ್ಳ ನಿಂತಾನ ಅಂತ ಅವಗ ಹೇಳು."

ತಮ್ಮ: "ನಂಗೂ ಕಣ್ಣ ಅದಾವ ಅಂತ ಹೇಳು."

ಅಣ್ಣ: "ಇದ್ದಿದ್ರ ತುಪ್ಪ ಬಡಸೋವಾಗ ಹಿರಿಯ ಯಾರಂತ ಕಾಣ್ತಿತ್ತು ಅಂತ ಹೇಳು."

ಅಷ್ಟರಲ್ಲಿ ಕಳ್ಳ ಅರ್ಧ ಊರು ಬಾಚಿಕೊಂಡಿದ್ದ. ಕಡೆಗೆ ಬೇಸತ್ತ ಆಡೇ ಅವನನ್ನು ಹಾಯ್ದು ಕೆಡವಿತು.

ಪುಸ್ತಕ ಬಂದ ಮೇಲೆ ಓದಿದವರು ಅಂಗಡಿಗೆ ಬಂದು ಏನೆಂದರು? "ಮುಂದಿನ ಸಂಚಿಕಿ ಬರೇ ಆಡಿಂದು ಹಾಕ್ರಿ. ಆ ಇಬ್ರು ಬ್ಯಾಡ."

ನಮ್ಮ ಮನೆತನದ ಕಥೆಯಲ್ಲಿ ನಮಗೇ ಜಾಗ ಇಲ್ಲ.

ಪ್ರೆಸ್ಸು

ಇದು ಎಲ್ಲಕ್ಕಿಂತ ದೊಡ್ಡ ಅನ್ಯಾಯ. ಅಚ್ಚಿಗೆ ಕೊಟ್ಟದ್ದು ಲಗ್ನಪತ್ರಿಕೆ ಮಾಡುವ ಪ್ರೆಸ್ಸಿಗೆ. ಆ ಪುಣ್ಯಾತ್ಮ ರೂಢಿಯಂತೆ ಮೊದಲ ಪುಟಕ್ಕೆ ಗಣಪತಿ ಕೂರಿಸಿ, ಕೊನೆಯ ಪುಟಕ್ಕೆ "ತಮ್ಮ ಆಗಮನಾಭಿಲಾಷಿಗಳು" ಎಂದು ಹಾಕಿಬಿಟ್ಟ. ಕೆಳಗೆ ಮೊದಲು ನಮ್ಮಣ್ಣನ ಹೆಸರು, ಆಮೇಲೆ ನನ್ನದು.

"ಇದೇನು ಲಗ್ನಾನ?" ಎಂದು ಅಲ್ಲೇ ಕೂಗಾಡಿದೆ.

"ಹಿರೇರ ಹೆಸರಿಲ್ದ ನಮ್ಮ ಪ್ರೆಸ್ಸಿಂದ ಕಾಗದಾನೇ ಹೊರಗ ಹೋಗಂಗಿಲ್ರೀ" ಅಂದ.

ಒಂದು ಪ್ರತಿ ಕಮಲಾಪುರದ ಬಸ್ ಹಿಡಿದು ಅಣ್ಣನ ಮನೆ ಮುಟ್ಟಿತು. ವಾರದೊಳಗೆ ಅಣ್ಣ ಹಳದಿ ರುಮಾಲು ಸುತ್ತಿ, ಕೆಂಪು ಬಾಳೆಗೊನೆ ಹೊತ್ತು, ನನ್ನ ಅಂಗಡಿ ಮುಂದೆ ಆಟೋದಿಂದ ಇಳಿದ. ನನ್ನ ಕಡೆ ನೋಡಲಿಲ್ಲ. ಅಂಗಡಿಯ ಬಾಗಿಲಿಗೆ ಹೇಳಿದ: "ಹೆಸರು ಮೊದಲ ಹಾಕ್ಯಾರ, ಅದಕ್ಕ ಬಂದೀನಿ. ಲಗ್ನ ಯಾರದು ಅಂತ ಕೇಳು."

ನಾನೂ ಬಾಗಿಲಿಗೇ ಹೇಳಿದೆ: "ಲಗ್ನ ಇಲ್ಲ, ಊಟ ಅದ ಅಂತ ಹೇಳು."

"ತುಪ್ಪ?" ಅಂದ. ಈ ಸಲ ಬಾಗಿಲಿಗಲ್ಲ, ನನಗೆ.

"ಮೊದಲ ನಿಂಗೇ" ಅಂದೆ.

ಇಲ್ಲಿಗೆ ಮೊಮ್ಮಗಳು ಪೆನ್ನು ಕೆಳಗಿಟ್ಟಳು. "ಮುತ್ಯಾ, ಪ್ರೆಸ್ಸಿನವಗ ದೊಡ್ಡ ಮುತ್ಯಾನ ಹೆಸರು ಯಾರು ಹೇಳಿದ್ರು?"

ನಾನು ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡೆ.

"ಆಡು ಹೇಳಿರಬೇಕು."